ರೇನ್ ಗೇಜಿನ ನೀರು ಮತ್ತು ನಲವತ್ತು ದಿನದ ಸತ್ಯ

ಮಾನ್ಯ ಓದುಗರಲ್ಲಿ ಮೊದಲಿಗೇ ಒಂದು ಅರಿಕೆ. ನಾನು ಈವರೆಗೆ ಬರೆದಿರುವುದೆಲ್ಲ ಯಾವುದಾದರೊಂದು ಕಚೇರಿಗೆ ಬರೆದದ್ದು. ವಿದ್ಯುತ್ ಕಂಬ ವಾಲಿದೆ, ಆನೆ ಬೇಲಿ ಮುರಿದಿದೆ, ಆಳುಗಳು ವಾಸಿಸುವ ಕೂಲಿ ಲೈನಿನ ನೀರಿನ ಟ್ಯಾಂಕು ಸೋರುತ್ತಿದೆ ಎಂಬಿತ್ಯಾದಿ ಸಂಗತಿಗಳನ್ನು ಸಂಬಂಧಪಟ್ಟವರ ಗಮನಕ್ಕೆ ತರುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಅಂತಹ ಪತ್ರಗಳಲ್ಲಿ ವಿಷಯ, ಉಲ್ಲೇಖ ಎಂಬ ಎರಡು ಗಟ್ಟಿ ಮೆಟ್ಟಿಲುಗಳಿರುತ್ತವೆ. ಅವುಗಳ ಮೇಲೆ ಕಾಲಿಟ್ಟು ಇಳಿದರೆ ಯಾರೂ ಜಾರುವುದಿಲ್ಲ. ಪ್ರಬಂಧಕ್ಕೆ ಮೆಟ್ಟಿಲುಗಳೇ ಇಲ್ಲವೆಂಬುದು ಬರೆಯಲು ಕುಳಿತ ಮೇಲೆ ತಿಳಿಯಿತು. ಆದಕಾರಣ ಬರಹದ ನಡುವೆ ಅಲ್ಲಲ್ಲಿ ‘ಸದರಿ’, ‘ಮೇಲ್ಕಂಡ’ ಮುಂತಾದ ಪದಗಳು ಕಂಡುಬಂದಲ್ಲಿ, ಬೀಳದಿರಲೆಂದು ನಾನು ಹಿಡಿದುಕೊಂಡ ಕಂಬಿಗಳವು ಎಂದು ಭಾವಿಸಿ ಮನ್ನಿಸಬೇಕಾಗಿ ಕೋರುತ್ತೇನೆ.

ವಿಷಯವೇನೋ ಇದೆ. ಒಬ್ಬ ಸ್ವಾಮಿಗಳು ಉಪದೇಶಿಸಿದ ಐದು ನಿಯಮಗಳನ್ನು ನಲವತ್ತು ದಿನ ಪಾಲಿಸಲು ಹೊರಟ ನಾನು, ಇಪ್ಪತ್ತಾರನೆಯ ದಿನ ನಮ್ಮ ತೋಟದ ಒಂದಿಡೀ ಮಳೆಯನ್ನು ಕಳೆದುಹಾಕಿದ ಬಗ್ಗೆ.

ಮೂಡಿಗೆರೆ ತಾಲ್ಲೂಕಿನ ಜಾವಳಿಗೆ ಸಮೀಪದ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ತೋಟದ ರೈಟರ್ ಎಂದರೆ ಸಾಹಿತಿಯಲ್ಲ; ಬೆಳಿಗ್ಗೆ ಆಳುಗಳ ಹಾಜರಿ ಕರೆಯುವವನು, ಗೊಬ್ಬರದ ಚೀಲ ಎಣಿಸುವವನು, ಮಳೆ ಅಳೆದು ಪುಸ್ತಕದಲ್ಲಿ ನಮೂದಿಸುವವನು. ತೋಟದ ಒಡತಿ ರುಕ್ಮಿಣಮ್ಮನವರು. ಅವರನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತೇವೆ. ಅವರು ಮಾತನಾಡುವುದು ಕಡಿಮೆ, ನೋಡುವುದು ಜಾಸ್ತಿ. ಅವರು ನೋಡಿದ್ದು ಎಷ್ಟು ಜಾಸ್ತಿ ಎಂಬುದು ನನಗೆ ತಿಳಿಯಲು ಈ ವ್ರತವೇ ಬೇಕಾಯಿತು.

ಸ್ವಾಮಿಗಳ ಭೇಟಿ ಆದದ್ದು ಯೋಜನೆಯಂತಲ್ಲ. ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಕಳಸದಲ್ಲಿ ಜೀಪಿಗಾಗಿ ಕಾಯುತ್ತಿದ್ದೆ. ನಮ್ಮ ಕಡೆಯ ಜೀಪುಗಳು ಗಡಿಯಾರ ನೋಡಿ ಹೊರಡುವುದಿಲ್ಲ, ತಲೆ ಎಣಿಸಿ ಹೊರಡುತ್ತವೆ. ಹದಿನಾಲ್ಕು ತಲೆ ಸೇರುವ ತನಕ ಬಿಸಿಲಲ್ಲಿ ನಿಲ್ಲುವ ಬದಲು, ಹೊಳೆಯಾಚೆಗಿನ ಸಣ್ಣ ಆಶ್ರಮದ ಜಗಲಿಯ ನೆರಳಲ್ಲಿ ಕುಳಿತೆ. ಅಲ್ಲಿ ಒಬ್ಬರು ವಯಸ್ಸಾದ ಸ್ವಾಮಿಗಳು ಹತ್ತು ಹನ್ನೊಂದು ಮಂದಿಗೆ ಉಪದೇಶ ಮಾಡುತ್ತಿದ್ದರು. ನೆರಳಿಗೆಂದು ಕುಳಿತವನ ಕಿವಿಗೆ ಒಂದು ಮಾತು ಬಿತ್ತು: “ತೋಟದಲ್ಲಿ ಆಳುಗಳಿಗೆ ದಿನಾ ಹಾಜರಿ ಹಾಕ್ತೀರಿ. ನಿಮ್ಮ ಮನಸ್ಸು ಇವತ್ತು ಕೆಲಸಕ್ಕೆ ಬಂದಿದೆಯೋ ಇಲ್ಲವೋ ಅಂತ ಹಾಜರಿ ಹಾಕೋರು ಯಾರು?”

ಅವರಿಗೆ ನನ್ನ ಉದ್ಯೋಗ ತಿಳಿದಿರಲು ಸಾಧ್ಯವಿರಲಿಲ್ಲ. ಆದರೂ ಸದರಿ ಪ್ರಶ್ನೆಯು ನೇರವಾಗಿ ನನ್ನ ಹೆಸರಿಗೇ ಬಂದ ರಿಜಿಸ್ಟರ್ಡ್ ಪತ್ರದಂತೆ ಭಾಸವಾಯಿತು. ಜೀಪು ತುಂಬಿ, ಹಾರ್ನ್ ಬಾರಿಸಿ, ನನ್ನನ್ನು ಬಿಟ್ಟು ಹೋಯಿತು. ನಾನು ಐದು ನಿಯಮಗಳನ್ನು ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ. ಸೂರ್ಯನಿಗಿಂತ ಮೊದಲು ಏಳುವುದು ಮತ್ತು ತಣ್ಣೀರಿನ ಸ್ನಾನ. ಸೂರ್ಯ ಹುಟ್ಟುವ ತನಕ ಮೌನ. ಎಲೆಗೆ ಬಿದ್ದುದನ್ನು ಟೀಕೆಯಿಲ್ಲದೆ ಉಣ್ಣುವುದು. ಸಿಕ್ಕಿದ್ದರಲ್ಲಿ ಮೊದಲ ಪಾಲು ದೇವರಿಗೆ. ಕಡೆಯದಾಗಿ, ಮಾತಿನಲ್ಲೂ ಬರಹದಲ್ಲೂ ಸತ್ಯ. ಶಿವರಾತ್ರಿಯ ಮರುದಿನದಿಂದ ವ್ರತ ಜಾರಿಗೆ ಬಂತು.

ಬೆಳಗಿನ ಜಾವ ಏಳುವುದರ ಬಗ್ಗೆ ಹೇಳುವುದಾದರೆ, ಮೊದಲ ದಿನ ನಮ್ಮ ನಾಯಿಯೇ ನನ್ನನ್ನು ಕಳ್ಳನೆಂದು ತಿಳಿದು ಬೊಗಳಿತು. ಮೌನವ್ರತದಲ್ಲಿದ್ದ ನಾನು ನಾಯಿಗೆ ನನ್ನ ಗುರುತನ್ನು ಹೇಳುವಂತಿರಲಿಲ್ಲ. ತಣ್ಣೀರಿನ ವಿಚಾರದಲ್ಲಿ, ಮೊದಲ ಚೊಂಬು ಮೈಮೇಲೆ ಬಿದ್ದಾಗ ಹೊರಡುವ ಶಬ್ದವು ಮಾತೆಂದು ಪರಿಗಣಿತವಾಗುವುದೋ ಇಲ್ಲವೋ ಎಂದು ಸ್ವಾಮಿಗಳನ್ನು ಕೇಳಲು ಮರೆತಿದ್ದೆ. ನಾನಾಗಿಯೇ ಅದನ್ನು ಸ್ತೋತ್ರದ ಖಾತೆಗೆ ಸೇರಿಸಿಕೊಂಡೆ.

ಉಣ್ಣುವ ನಿಯಮ ನನಗಿಂತ ನನ್ನ ಪತ್ನಿ ಜಲಜಾಕ್ಷಿಗೆ ಹೆಚ್ಚು ಕಷ್ಟ ಕೊಟ್ಟಿತು. ಪರೀಕ್ಷಾರ್ಥವಾಗಿ ಅವಳು ಮೂರು ದಿನ ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ನಾನು ಮೂರು ದಿನವೂ ಎರಡನೆಯ ಸಲ ಬಡಿಸಿಕೊಂಡು ಉಂಡೆ. ನಾಲ್ಕನೆಯ ದಿನ ಸೌಟು ಕೆಳಗಿಟ್ಟು, “ಇಪ್ಪತ್ತೆಂಟು ವರ್ಷ ಉಪ್ಪು ಕಮ್ಮಿ, ಉಪ್ಪು ಜಾಸ್ತಿ ಅಂತ ಹೇಳಿ ಹೇಳಿ ನನ್ನ ಜೀವ ತೆಗೆದ್ರಿ. ಈಗ ಉಪ್ಪೇ ಇಲ್ಲ, ಸುಮ್ನೆ ಉಣ್ತಿದೀರಲ್ಲ. ಯಾರ ಮೇಲ್ರೀ ಸಿಟ್ಟು?” ಎಂದಳು. ಸಿಟ್ಟಲ್ಲ, ಸಂಯಮ ಎಂದೆ. “ಸಿಟ್ಟಾದ್ರೆ ವಾಸಿ ಇತ್ತು. ಎರಡು ದಿನಕ್ಕೆ ಇಳೀತದೆ” ಎಂದು ಒಳಗೆ ಹೋದಳು.

ಇನ್ನು ಸತ್ಯ. ಅದನ್ನು ನಾನು ಐದರಲ್ಲಿ ಅತ್ಯಂತ ಸುಲಭವಾದದ್ದೆಂದು ಎಣಿಸಿದ್ದೆ. ನನ್ನಂಥವನಿಗೆ ಸುಳ್ಳು ಹೇಳುವ ಸಂದರ್ಭಗಳಾದರೂ ಎಷ್ಟು. ಆದರೆ ನಮ್ಮ ಗುಡ್ಡಗಳಲ್ಲಿ ಮಾರ್ಚ್ ತಿಂಗಳಿಗೆ ತನ್ನದೇ ಆದ ಒಂದು ಸುಳ್ಳಿನ ಹಂಗಾಮು ಇದೆ. ಅದನ್ನು ಬಯಲುಸೀಮೆಯ ಓದುಗರ ಅವಗಾಹನೆಗೆ ತರುವುದು ನನ್ನ ಕರ್ತವ್ಯ.

ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ಕಾಯುತ್ತಿರುವ ಕಾಲವದು. ಬಿಸಿಲು ಬಲಿತ ಒಂದು ಸಂಜೆ ಗುಡುಗಿನೊಂದಿಗೆ ಹೂವಿನ ಮಳೆ ಬರುತ್ತದೆ. ಒಂದಿಂಚಿನಷ್ಟು ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಮುಂದಿನ ವರ್ಷದ ಫಸಲು ನಿಲ್ಲುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅರ್ಧ ಬಿರಿದು ಕಂದಿಹೋಗುತ್ತದೆ; ಹಾಗಾಗದಿರಲು ಎರಡು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಆದ್ದರಿಂದ ಮಳೆಯ ಮರುದಿನ ಬೆಳಿಗ್ಗೆ ಆಲ್ದೂರಿನಿಂದ ಕಳಸದವರೆಗೆ ಎಲ್ಲರೂ ಎಲ್ಲರಿಗೂ ಫೋನ್ ಮಾಡಿ ಕೇಳುವುದು ಒಂದೇ ಮಾತು: “ಎಷ್ಟು ಸೆಂಟ್?” ಇಂಚಿನ ನೂರರಲ್ಲಿ ಒಂದು ಭಾಗವೇ ನಮ್ಮ ಸೆಂಟು. ಚೆನ್ನಾಗಿ ಮಳೆಯಾದವರು ದೃಷ್ಟಿ ತಾಗೀತೆಂದು ಕಡಿಮೆ ಹೇಳುತ್ತಾರೆ. ಆಗದವರು ಮರ್ಯಾದೆ ಹೋದೀತೆಂದು ಹೆಚ್ಚು ಹೇಳುತ್ತಾರೆ. ಕೇಳುವವರು ಹೇಳುವವರ ಸ್ವಭಾವ ತಿಳಿದು, ಕೂಡಿಸಿ ಕಳೆದು, ನಿಜವನ್ನು ತಾವೇ ಕಂಡುಕೊಳ್ಳುತ್ತಾರೆ. ಇದರಿಂದ ಯಾರಿಗೂ ತೊಂದರೆಯಾದ ಉದಾಹರಣೆಯಿಲ್ಲ. ಸತ್ಯ ಹೇಳುವವನೊಬ್ಬ ನಡುವೆ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಆ ವರ್ಷ ನಮ್ಮ ತೋಟದ ಪರಿಸ್ಥಿತಿ ಸೂಕ್ಷ್ಮವಾಗಿತ್ತು. ಕೆರೆಯಲ್ಲಿ ನೀರಿದ್ದದ್ದು ರೋಬಸ್ಟಾ ಜಾತಿಯ ಕಾಫಿ ಇರುವ ಭಾಗಕ್ಕೆ ಒಂದೇ ಸುತ್ತು ಸ್ಪ್ರಿಂಕ್ಲರ್ ಹಾಕುವಷ್ಟು. ಮಳೆ ಸಾಕಷ್ಟಾಗಿದ್ದೂ ನೀರು ಹಾಯಿಸಿದರೆ ಕೆರೆ ವೃಥಾ ಬತ್ತಿ, ಮುಂದೆ ಕಾಯಿ ನಿಲ್ಲುವ ಹೊತ್ತಿಗೆ ಹನಿಯೂ ಇರುವುದಿಲ್ಲ. ಸಾಲದಿದ್ದೂ ಹಾಯಿಸದಿದ್ದರೆ ಹೂವೇ ಇಲ್ಲ. ಪಂಪ್ ಇಂಜಿನ್ ಚಾಲೂ ಮಾಡಿಕೊಡುವ ಮೆಕ್ಯಾನಿಕ್ ಉಮರಬ್ಬನವರು ನಮಗೆ ಕೊಟ್ಟಿದ್ದದ್ದು ಒಂದೇ ದಿನ. ಅದು ತಪ್ಪಿದರೆ ಮುಂದಿನ ಆರು ದಿನ ಅವರು ಬೇರೆ ಬೇರೆ ತೋಟಗಳ ಪಾಲು. ಒಟ್ಟಿನಲ್ಲಿ ಅಮ್ಮಾವ್ರ ಒಂದು ವರ್ಷದ ಫಸಲು ನಾನು ಮಳೆ ಪುಸ್ತಕದಲ್ಲಿ ಬರೆಯುವ ಒಂದು ಅಂಕಿಯ ಮೇಲೆ ನಿಂತಿತ್ತು.

ವ್ರತದ ಇಪ್ಪತ್ತೈದನೆಯ ದಿನ ಸಂಜೆ ಗುಡುಗಿತು, ಮಳೆ ಬಂತು, ಎಂಟು ಗಂಟೆಗೆ ನಿಂತಿತು. ನಾನು ಸಂತೋಷದಿಂದ ಮಲಗಿದೆ. ಬೆಳಗಿನ ಜಾವ ಎದ್ದು ಸ್ನಾನ ಮಾಡಿದವನಿಗೆ ಸ್ವಾಮಿಗಳ ನಾಲ್ಕನೆಯ ನಿಯಮ ನೆನಪಾಯಿತು. ಆಕಾಶ ಕೊಟ್ಟದ್ದನ್ನು ನೆಲ ಮುಟ್ಟುವ ಮೊದಲೇ ಹಿಡಿದು, ಮೊದಲು ದೇವರಿಗೆ ಎರೆಯಬೇಕು, ಆಮೇಲೆ ನಮ್ಮದು ಎಂದು ಅವರು ವಿವರಿಸಿದ್ದರು. ನೆಲ ಮುಟ್ಟದ ಮಳೆನೀರು ಈಗ ಎಲ್ಲಿದ್ದೀತು ಎಂದು ಆಲೋಚಿಸಿದೆ. ಸೂರಿನ ನೀರು ಹೆಂಚಿನ ಪಾಚಿ ತೊಳೆದು ಬಂದದ್ದು. ಅಂಗಳದ ಬಕೆಟ್ಟು ಬಟ್ಟೆ ಒಗೆದದ್ದು. ಸುತ್ತಮುತ್ತ ಶುದ್ಧವಾಗಿ, ಮುಚ್ಚಿದ ಪಾತ್ರೆಯಲ್ಲಿ, ಯಾರ ಕೈಯೂ ತಾಗದೆ ನಿಂತಿರುವ ಆಕಾಶದ ನೀರು ಒಂದೇ ಕಡೆ ಇತ್ತು. ಕಚೇರಿಯ ಮುಂದಿನ ರೇನ್ ಗೇಜಿನ ಡಬ್ಬಿಯಲ್ಲಿ.

ಆ ಕ್ಷಣ ನನಗೆ ಅದು ಮಳೆ ಅಳೆಯುವ ಸಾಧನವೆಂದು ಹೊಳೆಯಲಿಲ್ಲ ಎಂದರೆ ಓದುಗರು ನಂಬುವುದು ಕಷ್ಟ. ಹಲವು ವರ್ಷ ಅದರ ಮುಂದೆ ಬಗ್ಗಿದವನು ನಾನು. ಆದರೆ ಬಗ್ಗಿದ್ದೆಲ್ಲ ಬೆಳಿಗ್ಗೆ ಎಂಟು ಗಂಟೆಗೆ, ರೈಟರ್ ಆಗಿ. ಈಗ ಐದು ಗಂಟೆಗೆ, ಭಕ್ತನಾಗಿ. ಆಲಿಕೆ ತೆಗೆದು, ಡಬ್ಬಿಯ ನೀರನ್ನೆಲ್ಲ ತಾಮ್ರದ ಚೊಂಬಿಗೆ ಬಗ್ಗಿಸಿಕೊಂಡೆ. ಜಲಜಾಕ್ಷಿ ಬಾಗಿಲಲ್ಲಿ ನಿಂತು, “ಅದೆಲ್ಲಿಂದ ತಂದ್ರಿ ನೀರು?” ಎಂದಳು. ಮೌನದಲ್ಲಿದ್ದ ನಾನು ಬೆರಳನ್ನು ಮೇಲಕ್ಕೆ ತೋರಿಸಿದೆ. ಅವಳು ಕೈಮುಗಿದಳು. ಮನೆದೇವರ ಪುಟ್ಟ ವಿಗ್ರಹಕ್ಕೆ ಕಣ್ಣು ಮುಚ್ಚಿ ಅಭಿಷೇಕ ಮಾಡಿದೆ. ಉಳಿದದ್ದನ್ನು ತುಳಸಿಗೆ ಎರೆದೆ. ಅಂದು ಧ್ಯಾನವೂ ಎಂದಿಗಿಂತ ಚೆನ್ನಾಗಿ ಆಯಿತು.

ಎಂಟು ಗಂಟೆಗೆ ಅಳತೆಯ ಗ್ಲಾಸು, ಮಳೆ ಪುಸ್ತಕ ಹಿಡಿದು ಗೇಜಿನ ಬಳಿ ಹೋಗಿ ಡಬ್ಬಿ ಎತ್ತಿದೆ. ಡಬ್ಬಿ ಹಗುರವಾಗಿತ್ತು.

ಮುಂದಿನ ಕಾಲು ಗಂಟೆ ನಾನು ಏನು ಮಾಡಿದೆ ಎಂಬುದಕ್ಕೆ ದಾಖಲೆಯಿಲ್ಲ. ಚೊಂಬು ಎಷ್ಟು ತುಂಬಿತ್ತು ಎಂದು ನೆನಪಿಸಿಕೊಳ್ಳಲು ಯತ್ನಿಸಿದೆನೆಂಬುದು ನಿಜ. ಅರ್ಧವೋ, ಮುಕ್ಕಾಲೋ, ಕತ್ತಲಲ್ಲಿ ನೋಡಿರಲಿಲ್ಲ. ತುಳಸಿಕಟ್ಟೆಯ ಮಣ್ಣು ಮುಟ್ಟಿ ನೋಡಿದೆ. ತುಳಸಿಗೆ ರಾತ್ರಿಯ ಮಳೆಯೂ ಬಿದ್ದಿತ್ತಾದ್ದರಿಂದ ಅದು ನಿಷ್ಪಕ್ಷಪಾತವಾದ ಸಾಕ್ಷಿಯಾಗಿರಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಪಕ್ಕದ ತೋಟದ ರೈಟರ್ ಮಂಜಯ್ಯ.

“ಎಷ್ಟ್ ಸೆಂಟ್ ಮಾರಾಯ?”

ಮಾಮೂಲಿ ದಿನವಾಗಿದ್ದರೆ ‘ಎಂಬತ್ತು’ ಎಂದು ಹೇಳಿ ಮುಗಿಸುತ್ತಿದ್ದೆ. ವ್ರತ ಅಡ್ಡ ಬಂತು. “ಹೇಳಕ್ಕಾಗಲ್ಲ” ಎಂದೆ.

“ಅಷ್ಟಾಗಿದೆಯಾ?” ಎಂದರು ಮಂಜಯ್ಯ, ಗೌರವದಿಂದ.

“ಅಷ್ಟು ಅಂತಲ್ಲ. ನಿಜವಾಗ್ಲೂ ಹೇಳಕ್ಕಾಗಲ್ಲ.”

“ಆಯ್ತು ಬಿಡು. ನಿಂಗೂ ಮೇಲ್ನೋರು ಇದಾರೆ. ನಾ ಯಾರ ಹತ್ರಾನೂ ಬಾಯಿ ಬಿಡಲ್ಲ.”

ಹೀಗೆಂದು ಮಾತು ಕೊಟ್ಟ ಮಂಜಯ್ಯನವರು ಒಂಬತ್ತು ಗಂಟೆಯೊಳಗೆ ಎಷ್ಟು ಜನರಿಗೆ ಹೇಳಿದರೋ ತಿಳಿಯದು. ನಮ್ಮಲ್ಲಿ ಕಡಿಮೆ ಹೇಳುವವನಿಗೆ ಒಂದಿಂಚು ಆಗಿದೆಯೆಂದು ಅರ್ಥ. ಹೇಳಲಾರೆ ಎನ್ನುವವನಿಗೆ ಎರಡಿಂಚಿಗೆ ಕಡಿಮೆಯಾಗಿರಲು ಸಾಧ್ಯವೇ ಇಲ್ಲ. ದಾರಿಯಲ್ಲಿ ಸುದ್ದಿ ಕೇಳಿದ ಉಮರಬ್ಬನವರು ನಮ್ಮ ತೋಟಕ್ಕೆ ಬಂದು, ಟೂಲ್ ಬಾಕ್ಸನ್ನು ಜೀಪಿನಿಂದ ಇಳಿಸದೆಯೇ ಅಮ್ಮಾವ್ರ ಬಳಿ ಹೋಗಿ, “ಎರಡಿಂಚು ಹೊಯ್ದಿದೆಯಂತಲ್ಲ ಅಮ್ಮಾ, ಇನ್ನು ಪಂಪ್ ಎಂತಕ್ಕೆ? ನಾನು ಆಲ್ದೂರು ಕಡೆ ಹೋಗ್ಲಾ?” ಎಂದು ಕೇಳಿದರು. ಪುಸ್ತಕ ಬರಲಿ, ನೋಡಿ ಹೇಳ್ತೀನಿ ಎಂದರಂತೆ ಅಮ್ಮಾವ್ರು. ಈ ಸಮಾಚಾರವನ್ನು ಉಮರಬ್ಬನವರೇ ಕಚೇರಿಗೆ ಬಂದು ತಿಳಿಸಿದರು. “ಬೇಗ ಬರ್ದು ಕೊಡಿ ರೈಟ್ರೇ. ಅಲ್ಲಿ ನಾಕು ತೋಟದವರು ಕಾಯ್ತಿದಾರೆ.”

ಒಂದು ಸುಳ್ಳನ್ನೂ ಆಡದೆ, ನಾನು ನನ್ನ ಜೀವಮಾನದ ಅತಿ ದೊಡ್ಡ ಸುಳ್ಳನ್ನು ಊರಿಗೆ ಹಬ್ಬಿಸಿದ್ದೆ. ಮಾರ್ಗದರ್ಶನ ಕೋರಿ ಆಶ್ರಮಕ್ಕೆ ಫೋನ್ ಮಾಡಿದೆ. ಅಲ್ಲಿರುವುದು ಒಂದೇ ಫೋನು, ಎತ್ತಿದವರು ಸ್ವಾಮಿಗಳೇ. ನಾನು ಜಾವಳಿ ಕಡೆಯಿಂದ ಎಂದು ಹೇಳಿದೆನಷ್ಟೇ.

“ಓ, ನಿಮ್ಮ ಕಡೆ ಎಷ್ಟಾಯ್ತು?” ಎಂದರು.

ಆಶ್ರಮಕ್ಕೂ ಒಂದೂವರೆ ಎಕರೆ ರೋಬಸ್ಟಾ ಇದೆಯೆಂಬುದನ್ನು ನಾನು ಮರೆತಿದ್ದೆ. “ಗುರುಗಳೇ, ಅದೇ ಗೊತ್ತಿಲ್ಲ” ಎಂದು ಆದದ್ದನ್ನೆಲ್ಲ ನಿವೇದಿಸಿಕೊಂಡೆ. ಅವರು ನಗಲಿಲ್ಲ. ಕೆಮ್ಮಿದರು, ಆ ಕೆಮ್ಮು ಸ್ವಲ್ಪ ದೀರ್ಘವಾಗಿತ್ತು. ನಂತರ, “ದೇವರಿಗೆ ಎರೆದದ್ದು ತಪ್ಪಲ್ಲ. ಅದನ್ನ ಅಳೆದು ಎರೆದಿದ್ರೆ ದೇವರೇನೂ ಬೇಡ ಅಂತಿರಲಿಲ್ಲ” ಎಂದರು.

“ಈಗ ಏನು ಮಾಡ್ಲಿ?”

“ಯಾರಿಗೆ ಹೇಳ್ಬೇಕೋ ಅವರು ನೂರು ಮಾರು ದೂರದಲ್ಲಿದಾರೆ. ಅವರನ್ನ ಬಿಟ್ಟು ಕಳಸಕ್ಕೆ ಯಾಕೆ ಫೋನ್ ಮಾಡಿದ್ರಿ?”

ಉಪದೇಶಗಳಲ್ಲಿ ದೊಡ್ಡವು, ಸಣ್ಣವು ಎಂದು ವಿಂಗಡಿಸುವ ಅರ್ಹತೆ ನನಗಿಲ್ಲ. ಆದರೆ ಐದು ನಿಯಮಗಳಿಗಿಂತಲೂ ಈ ಪ್ರಶ್ನೆ ಹೆಚ್ಚು ತಣ್ಣಗಿತ್ತು, ಮೊದಲ ಚೊಂಬಿನ ನೀರಿನ ಹಾಗೆ.

ಅಂಕಿಯಿಲ್ಲದ ಪುಸ್ತಕವನ್ನು ಹಿಡಿದು ಅಮ್ಮಾವ್ರ ಜಗಲಿಗೆ ಹೋದೆ. ದಾರಿಯಲ್ಲಿ ಮನಸ್ಸಿನೊಳಗೇ ಒಂದು ವಿನಂತಿ ಪತ್ರದ ಕರಡು ಸಿದ್ಧಪಡಿಸಿದ್ದೆ. ‘ಅನಿವಾರ್ಯ ಕಾರಣಗಳಿಂದ’ ಎಂದು ಆರಂಭವಾಗುತ್ತಿತ್ತು. ಅವರ ಮುಂದೆ ನಿಂತಾಗ ಅದರ ಒಂದು ಸಾಲೂ ಬರಲಿಲ್ಲ. “ಅಮ್ಮಾವ್ರೇ, ಮಳೆ ನೀರನ್ನ ನಾನು ದೇವರಿಗೆ ಹೊಯ್ದುಬಿಟ್ಟೆ. ಎಷ್ಟಿತ್ತು ಅಂತ ಗೊತ್ತಿಲ್ಲ. ಎರಡಿಂಚು ಅನ್ನೋದು ಸುಳ್ಳು” ಎಂದೆ. ಬಾಯಿ ತೆರೆದ ಮೇಲೆ ಮುಚ್ಚುವುದು ಕಷ್ಟವಾಯಿತು. ಮಳೆಗಾಲದಲ್ಲಿ ಜೋರು ಗಾಳಿಯಿರುವ ಕೆಲವು ದಿನ ಗೇಜಿನ ತನಕ ಹೋಗದೆ, ಹೆಂಚಿನ ಮೇಲಿನ ಸದ್ದು ಕೇಳಿ ಅಂದಾಜಿನ ಮೇಲೆ ಬರೆದದ್ದುಂಟು ಎಂಬುದನ್ನೂ ಹೇಳಿದೆ. ಅದನ್ನು ಅವರು ಕೇಳಿರಲಿಲ್ಲ.

ಜಗಲಿಯ ಮುಂದೆ ಜೀಪಿಗೆ ಒರಗಿ ನಿಂತಿದ್ದ ಉಮರಬ್ಬನವರು ನೆಟ್ಟಗಾದರು. ಅಮ್ಮಾವ್ರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಕೆಲವು ದಿನ ಅಲ್ಲ ರೈಟ್ರೇ, ಭಾನುವಾರ” ಎಂದರು. “ಜೂನಿಂದ ಸೆಪ್ಟೆಂಬರ್ ತನಕ ನಮ್ಮ ತೋಟದಲ್ಲಿ ಭಾನುವಾರ ಬಿದ್ದ ಮಳೆ ಯಾವಾಗ್ಲೂ ಎರಡಿಂಚು. ಒಂದ್ ಸೆಂಟ್ ಹೆಚ್ಚಿಲ್ಲ, ಕಮ್ಮಿ ಇಲ್ಲ. ನೀವು ಬಂದ ವರ್ಷದಿಂದ ನೋಡ್ತಿದೀನಿ. ದೇವರಿಗೂ ವಾರದ ರಜ ಕೊಟ್ಟು ಆ ಒಂದು ದಿನ ನೀವೇ ಮಳೆ ಹೊಯ್ಸ್ತಿದೀರಿ.”

ಉಮರಬ್ಬನವರು ಮುಖ ತಿರುಗಿಸಿಕೊಂಡು ಜೀಪಿನ ಟೈರನ್ನು ಪರೀಕ್ಷಿಸಲಾರಂಭಿಸಿದರು. ಟೈರಿನಲ್ಲಿ ಏನೂ ದೋಷವಿರಲಿಲ್ಲ.

“ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ ಅಮ್ಮಾವ್ರೇ?”

“ಕೇಳಿದ್ರೆ ಒಂದಿಂಚು ತೊಂಬತ್ತೇಳು ಅಂತ ಬರೀತಿದ್ರಿ. ಆಗ ಯಾವುದು ಅಂದಾಜು ಅಂತ ನನಗೂ ಗೊತ್ತಾಗ್ತಿರಲಿಲ್ಲ. ಗುದ್ದಲಿ ತಗೊಂಡು ಬನ್ನಿ.”

ಮೂವರೂ ರೋಬಸ್ಟಾ ಭಾಗಕ್ಕೆ ಇಳಿದೆವು. ಅಮ್ಮಾವ್ರು ಒಂದು ಗಿಡದ ಬುಡದಿಂದ ಸ್ವಲ್ಪ ದೂರದ ಜಾಗ ತೋರಿಸಿದರು, ನಾನು ಅಗೆದೆ. ಒಂದಿಂಚು ಸರಿಯಾಗಿ ಬಿದ್ದಿದ್ದರೆ ಮಣ್ಣು ಗೇಣುದ್ದ ಒದ್ದೆಯಾಗಿರಬೇಕು, ತಮ್ಮ ಮಾವನವರು ಗೇಜನ್ನು ನೋಡುತ್ತಿರಲಿಲ್ಲ, ಇದನ್ನೇ ನೋಡುತ್ತಿದ್ದರು ಎಂದರು. ಅವರೇ ಬಗ್ಗಿ ಗುಂಡಿಗೆ ಕೈಯಿಟ್ಟರು. ನಾಲ್ಕು ಬೆರಳಿನಷ್ಟು ಕಪ್ಪು ಮಣ್ಣು. ಅದರ ಕೆಳಗೆ ಪುಡಿ ಧೂಳು. ಇಳಿಜಾರಿನ ಕೆಳಗೆ, ನೆರಳಿಗೆ ನೆಟ್ಟ ಸಿಲ್ವರ್ ಮರಗಳ ಪಕ್ಕ, ಕೆರೆಯ ಏರಿಯ ಹತ್ತಿರ ಹೀಗೆ ಇನ್ನೂ ಮೂರು ಕಡೆ ಅಗೆಸಿದರು. ಎಲ್ಲ ಕಡೆಯೂ ಅದೇ ಉತ್ತರ. ಧೂಳಾದ ಕೈಯನ್ನು ಅವರು ನನ್ನ ಮುಂದೆ ಹಿಡಿದರು. ನಾನು ಅಂದಾಜಿನ ಮೇಲೆ ‘ಒಂದಿಂಚು’ ಎಂದು ಬರೆದಿದ್ದರೆ ಉಮರಬ್ಬನವರು ಈ ಹೊತ್ತಿಗೆ ಆಲ್ದೂರು ದಾಟಿರುತ್ತಿದ್ದರು.

“ಪಂಪ್ ಹಾಕಿ ಉಮರಬ್ಬ” ಎಂದರು ಅಮ್ಮಾವ್ರು.

“ರೈಟ್ರ ದೇವರು ದೊಡ್ಡೋನು ಅಮ್ಮಾ” ಎಂದರು ಉಮರಬ್ಬ, ಟೂಲ್ ಬಾಕ್ಸ್ ಇಳಿಸುತ್ತ. “ಸ್ನಾನಾನೂ ಮಾಡಿದ, ತೋಟಾನೂ ಉಳಿಸಿದ.”

ಆ ದಿನವೂ ಮರುದಿನವೂ ಸ್ಪ್ರಿಂಕ್ಲರ್ ತಿರುಗಿತು. ಕೆರೆ ತಳ ಕಂಡಿತು. ನನಗೆ ಉಳಿದ ಸಮಸ್ಯೆ ಮಳೆ ಪುಸ್ತಕದ್ದು. ಸದರಿ ಪುಸ್ತಕದ ಪ್ರತಿ ಪುಟದ ಬಲತುದಿಯಲ್ಲಿ ‘ಷರಾ’ ಎಂಬ ಒಂದು ಟಿಪ್ಪಣಿಯ ಕಾಲಂ ಇದೆ. ನನ್ನ ಕಾಲದಲ್ಲಿ ಅದು ಎಂದೂ ಬಳಕೆಗೆ ಬಂದಿರಲಿಲ್ಲ; ಅಂಕಿಯೇ ಇರುವಾಗ ಷರಾ ಯಾತಕ್ಕೆ. ಅಂದು ಅಂಕಿಯ ಜಾಗದಲ್ಲಿ ಒಂದು ಗೆರೆ ಎಳೆದು, ಷರಾದಲ್ಲಿ ಬರೆದೆ: ‘ಮಳೆ ಬಿದ್ದಿದೆ. ಅಳತೆ ತಿಳಿಯದು. ನೀರು ಅಭಿಷೇಕಕ್ಕೆ ಬಳಕೆಯಾಗಿದೆ.’ ಅಮ್ಮಾವ್ರು ಅದನ್ನು ಎರಡು ಸಲ ಓದಿದರು. ಕೆಳಗೆ ತಮ್ಮ ಕೈಬರಹದಲ್ಲಿ ‘ಮಣ್ಣು ನಾಲ್ಕು ಬೆರಳು ತೇವ. ನಾನೇ ನೋಡಿದ್ದೇನೆ’ ಎಂದು ಸೇರಿಸಿ ರುಜು ಹಾಕಿದರು. ಗೊತ್ತಿಲ್ಲ ಎಂದು ಬರೆಯುವುದಕ್ಕೂ ಪುಸ್ತಕದಲ್ಲಿ ಜಾಗವಿತ್ತು ಎಂಬುದು ನನಗೆ ಆಗ ಹೊಳೆಯಿತು. ಮುದ್ರಿಸಿದವನು ಬಹುಶಃ ನನ್ನಂಥ ರೈಟರ್‌ಗಳನ್ನು ಕಂಡಿದ್ದವನು.

ಹತ್ತನೆಯ ಬೆಳಿಗ್ಗೆ, ಅಂದರೆ ವ್ರತದ ಮೂವತ್ತಾರನೆಯ ದಿನ, ಬಾಗಿಲು ತೆರೆದರೆ ಪರಿಮಳವೇ ಎದುರು ನಿಂತಿತ್ತು. ಬೆಳಕು ಹರಿದ ಮೇಲೆ ಕೆಳಗಿಳಿದು ನೋಡಿದೆ. ರೋಬಸ್ಟಾ ಭಾಗವಿಡೀ ಕೊಂಬೆ ಕಾಣದಷ್ಟು ಬೆಳ್ಳಗೆ ಅರಳಿತ್ತು. ಜೇನುಹುಳಗಳ ಸದ್ದಿಗೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸುತ್ತಿರಲಿಲ್ಲ. ಅಮ್ಮಾವ್ರು ನನಗಿಂತ ಮೊದಲೇ ಬಂದು ಒಂದು ಗಿಡದ ಪಕ್ಕ ನಿಂತಿದ್ದರು. ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದುದರಿಂದ ನಾನು ಮೌನದಲ್ಲಿದ್ದೆ. ಅವರಿಗೆ ಯಾವ ವ್ರತವೂ ಇರಲಿಲ್ಲ, ಆದರೂ ಮಾತಾಡಲಿಲ್ಲ.

ಎಂಟು ಗಂಟೆಗೆ ಮಂಜಯ್ಯನವರ ಫೋನ್ ಬಂತು. “ಹೂ ಹೆಂಗಾಗಿದೆ ಮಾರಾಯ?”

“ತುಂಬ ಚೆನ್ನಾಗಿ ಆಗಿದೆ” ಎಂದೆ. “ಇಷ್ಟು ವರ್ಷದಲ್ಲಿ ಇಂಥ ಹೂ ನೋಡಿಲ್ಲ.”

ನಮ್ಮ ಗುಡ್ಡಗಳಲ್ಲಿ ಹೂವು ಚೆನ್ನಾಗಿ ಆದವರು ಯಾರೂ ಹಾಗೆ ಹೇಳಿದ್ದಿಲ್ಲ. ‘ಏನೋ, ಪರವಾಗಿಲ್ಲ’ ಎನ್ನುವುದೇ ಮೇಲ್ಮಿತಿ. ಮಂಜಯ್ಯನವರ ದನಿ ತಗ್ಗಿತು.

“ಪೂರ್ತಿ ಹೋಯ್ತಾ?” ಎಂದರು. “ಮನಸ್ಸಿಗೆ ಹಚ್ಕೋಬೇಡ. ಅಮ್ಮಾವ್ರಿಗೆ ಧೈರ್ಯ ಹೇಳು. ಸಂಜೆ ಬರ್ತೀನಿ.”

ನಾನು ಇನ್ನೊಮ್ಮೆ ಸತ್ಯವನ್ನು ಹೇಳಿದೆ. ಅವರು ಇನ್ನೂ ಹೆಚ್ಚು ಮರುಗಿದರು. ಸ್ವಾಮಿಗಳ ನಿಯಮದಲ್ಲಿ ಸತ್ಯವನ್ನು ಹೇಳಬೇಕೆಂದಿತ್ತೇ ಹೊರತು ನಂಬಿಸಬೇಕೆಂದು ಎಲ್ಲಿಯೂ ಇರಲಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ಸದರಿ ವಿಷಯವನ್ನು ಅಲ್ಲಿಗೇ ಮುಕ್ತಾಯಗೊಳಿಸಿದೆ. ಸಂಜೆ ಮಂಜಯ್ಯನವರು ನಮ್ಮನ್ನು ಸಂತೈಸಲು ಒಂದು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು, ಬೆಳ್ಳನೆಯ ತೋಟದ ನಡುವಿನ ದಾರಿಯಲ್ಲಿ, ತಲೆ ತಗ್ಗಿಸಿಕೊಂಡು ಬಂದರು.